ಹೊಗೆ ಡ್ರಮ್ಮಿನ ಮುಚ್ಚಳ

ಬೆಳಗ್ಗೆ ಏಳೂಕಾಲಿಗೆ ನಾನು ಹಿತ್ತಿಲಿಗೆ ಕಾಲಿಟ್ಟಾಗ ಡ್ರಮ್ಮು ಬಾಯಿ ತೆರೆದುಕೊಂಡು ನಿಂತಿತ್ತು. ಮುಚ್ಚಳ ಇರಲಿಲ್ಲ.

ಮೊದಲು ಬಂದದ್ದು ಸಿಟ್ಟು. ಕೆರೆಯುವ ಉಳಿ, ತಂತಿ ಬ್ರಷ್ಷು, ಬೆಂಕಿ ತಡೆಯುವ ಪೇಸ್ಟಿನ ಹೊಸ ಡಬ್ಬಿ — ಇಷ್ಟನ್ನೂ ಹೊತ್ತುಕೊಂಡು, ನನ್ನ ವೆಲ್ಡಿಂಗ್ ಅಂಗಡಿಗೆ ಬೀಗ ಹಾಕಿ ಬಂದಿದ್ದೆ. ಕೆರೆಯಬೇಕಾದ ವಸ್ತುವೇ ಇಲ್ಲ ಅಂದರೆ?

"ತಂಗೀ, ಮುಚ್ಚಳ ಎಲ್ಲಿಟ್ಟೆ?"

ನನ್ನ ಗೆಳೆಯನ ಹೆಂಡತಿ ಆಗಷ್ಟೇ ಐಸಿನ ಮೂಟೆ ತಂದು ಇಳಿಸುತ್ತಿದ್ದಳು. ಡ್ರಮ್ಮನ್ನು ನೋಡಿದಳು. ಮೂಟೆ ಕೈಯಿಂದ ಜಾರಿತು.

"ಆರು ಗಂಟೆಗೆ ನಾನು ಹೊರಟಾಗ ಇತ್ತಲ್ಲಣ್ಣ..."

ಗೆಳೆಯ ಅಂದೆನಲ್ಲ, ಅವನು ಹೋಗಿ ಮೂರು ತಿಂಗಳಾಗಿತ್ತು. ಹೊಗೆ ಹಾಕಿದ ಮೀನು ಮಾರುತ್ತಿದ್ದ ಅವನನ್ನು ಮಾರ್ಕೆಟ್ಟಿನಲ್ಲಿ ಎಲ್ಲರೂ ಹೊಗೆಯಣ್ಣ ಅಂತಲೇ ಕರೆಯುತ್ತಿದ್ದರು. ಒಂದು ಮಧ್ಯಾಹ್ನ ಬುಟ್ಟಿ ಎತ್ತುವಾಗ ಎದೆ ಹಿಡಿದುಕೊಂಡು ಕೂತ. ಏಳಲಿಲ್ಲ. ಅಂದಿನಿಂದ ಅಂಗಡಿ ಮುಚ್ಚಿತ್ತು. ಇವತ್ತು ಸಂಜೆ ಅಂಗಡಿ ತೆರೆಯದಿದ್ದರೆ ಆ ಜಾಗ ಬೇರೆಯವರ ಪಾಲು ಎಂದು ಮಾರ್ಕೆಟ್ಟಿನ ಯಜಮಾನ ಹೇಳಿಕಳಿಸಿದ್ದ. ಮೂವತ್ತು ಕಿಲೋ ಮೀನು ನಿನ್ನೆಯಿಂದ ಉಪ್ಪುನೀರಿನಲ್ಲಿತ್ತು. ಹನ್ನೊಂದು ಗಂಟೆಯೊಳಗೆ ಅದು ಹೊಗೆಗೆ ಬೀಳಬೇಕು. ಮುಚ್ಚಳವಿಲ್ಲದಿದ್ದರೆ ಗಾಳಿ ನುಗ್ಗಿ, ಬೆಂಕಿ ಎದ್ದು, ಮೀನೆಲ್ಲ ಕರಕಲು.

ಬೇರೆ ಮುಚ್ಚಳ ಹಾಕಬಾರದೇ ಎನ್ನುವ ಬುದ್ಧಿವಂತರು ಹಾಕಿ ನೋಡಲಿ. ಅದು ಎಣ್ಣೆ ಡ್ರಮ್ಮು. ಮುಚ್ಚಳ ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕ, ಕಾಲು ಮುರಿದ ಗುಂಡನೆಯ ಗ್ರಿಲ್ಲಿನದು. ಡ್ರಮ್ಮಿನ ಬಾಯಿಗಿಂತ ಅರ್ಧ ಬೆರಳು ಚಿಕ್ಕದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುತ್ತಾರಲ್ಲ, ಹಾಗಿತ್ತು ಜೋಡಿ. ಬೇಡವೋ ಅಂದೆ. ಕೇಳುವ ಗಿರಾಕಿಯೇ ಅವನು? ಕಬ್ಬಿಣದ ಪಟ್ಟಿಯನ್ನು ಬಳೆಯ ಹಾಗೆ ಬಾಗಿಸಿ, ಡ್ರಮ್ಮಿನ ಬಾಯೊಳಗೆ ನನ್ನಿಂದಲೇ ವೆಲ್ಡ್ ಮಾಡಿಸಿದ. ಕೈಯಲ್ಲಿ ಬಾಗಿಸಿದ ಬಳೆ ಸರಿಯಾಗಿ ದುಂಡಗಿರುತ್ತದೆಯೇ? ಮೂರು ದಿನ ಅರ ಹಿಡಿದು ಉಜ್ಜಿದ ಮೇಲೆ ಮುಚ್ಚಳ ಅದರ ಮೇಲೆ ಕೂತಿತು, ಅದೂ ಒಂದೇ ಒಂದು ದಿಕ್ಕಿನಲ್ಲಿ. ಉಳಿದ ಸಂದಿ ಮುಚ್ಚಲು ಮುಚ್ಚಳದ ಅಂಚಿಗೆ ಸುತ್ತಲೂ ಪೇಸ್ಟು ಮೆತ್ತಿದ. ಚಮಚದಿಂದ ಸವರಿ ಎಂದು ಡಬ್ಬಿಯ ಮೇಲೇ ಬರೆದಿತ್ತು. ಈ ಮಹಾನುಭಾವ ಬರೀ ಹೆಬ್ಬೆರಳಿನಿಂದ ಒತ್ತುತ್ತಾ ಹೋಗಿ, ಎರಡು ದಿನ ಉರಿ ಉರಿ ಅಂತ ಕುಣಿದ.

ಮೂರು ತಿಂಗಳು ಬಿಸಿಲಲ್ಲಿ ನಿಂತು ಆ ಪೇಸ್ಟು ಬಿರುಕು ಬಿಟ್ಟಿದ್ದನ್ನು ನಿನ್ನೆ ಮುಚ್ಚಳ ಎತ್ತಿ ನೋಡಿದ್ದೆ. ಅದನ್ನು ಸರಿಮಾಡಲೆಂದೇ ನಾನು ಬಂದದ್ದು.

ಮುಚ್ಚಳ ಕಳೆದಿದೆ ಅಂತ ಪೊಲೀಸರ ಹತ್ತಿರ ಹೋದರೆ ನಗುತ್ತಾರೆ. ಓಡಿಹೋಗಿ ವಿಮೆ ಮಾಮನನ್ನು ಕರೆತಂದೆ. ಮಾಮ ಮೂವತ್ತು ವರ್ಷ ವಿಮಾ ಕಂಪನಿಯಲ್ಲಿದ್ದವರು. ಸುಟ್ಟ ಗೋದಾಮುಗಳ ಬೂದಿ ಕೆದಕಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ಹೇಳುವುದೇ ಅವರ ಕೆಲಸವಾಗಿತ್ತು. ನಿವೃತ್ತರಾದ ಮೇಲೆ ನಮ್ಮ ಬೀದಿಯಲ್ಲಿ ಏನು ಕಳೆದರೂ ಅವರ ಹತ್ತಿರವೇ ಪಂಚಾಯಿತಿ. ಒಂದೇ ತೊಂದರೆ — ಆಮೆ ನಡಿಗೆ. ನೋಡುವವರಿಗೆ ಮೈ ಪರಚಿಕೊಳ್ಳುವಂತಾಗುತ್ತದೆ.

"ಯಾರ ಮೇಲೆ ಅನುಮಾನ?" ಎಂದು ಕೇಳಿದರು.

ಇಬ್ಬರ ಮೇಲೆ ಎಂದೆ. ಒಬ್ಬ ಗುಜರಿಯವನು, ಡ್ರಮ್ಮು ಕೊಡಿ ಅಂತ ಮೂರು ಸಲ ಬಂದಿದ್ದ. ಇನ್ನೊಬ್ಬ ಪಕ್ಕದ ಮನೆ ಟೈಲರು. ಹೊಲಿದ ಬಟ್ಟೆಗೆಲ್ಲ ಹೊಗೆ ವಾಸನೆ ಹಿಡಿಯುತ್ತದೆ ಅಂತ ವರ್ಷಗಟ್ಟಲೆ ಜಗಳವಾಡಿದವನು.

"ಮೂರನೆಯವನು ನೀನು," ಎಂದರು ಮಾಮ. "ಕೊನೆಗೆ ಮುಚ್ಚಳ ಮುಟ್ಟಿದ್ದು ನೀನೇ ತಾನೇ?"

ಮೈಯೆಲ್ಲ ಉರಿದುಹೋಯಿತು. ಸತ್ತವನ ಮನೆಯಲ್ಲಿ ಕದಿಯುವಷ್ಟು ಕೆಟ್ಟವನೇ ನಾನು? ಹನ್ನೊಂದು ಗಂಟೆಯ ಗಡುವು ನೆನಪಾಗಿ ಗುಜರಿಯವನಿಗೆ ಹೇಳಿಕಳಿಸಿದೆ.

ಗುಜರಿಯವನು ಕರೆದ ತಕ್ಷಣ ಬಂದ. ತನ್ನ ಗಾಡಿ ನಿನ್ನೆಯಿಂದ ಪಂಕ್ಚರ್ ಅಂಗಡಿಯಲ್ಲಿದೆ, ಬೇಕಾದರೆ ಕೇಳಿ ಎಂದ. ಕದಿಯುವುದೇ ಆದರೆ ಭಾರದ ಡ್ರಮ್ಮು ಬಿಟ್ಟು ತಗಡಿನ ಮುಚ್ಚಳ ಒಯ್ಯಲು ತನಗೇನು ತಲೆ ಕೆಟ್ಟಿದೆಯೇ ಎಂದು ತಿರುಗಿ ಕೇಳಿದ. ಮಾತು ಸರಿಯಾಗಿಯೇ ಇತ್ತು. ಟೈಲರು ಮಾತ್ರ ಕೂಗಾಡುತ್ತಾನೆ ಅಂದುಕೊಂಡಿದ್ದೆ. ಅವನು ಬೇಲಿಯಾಚೆ ಟೇಪು ಕೊರಳಿಗೆ ಹಾಕಿಕೊಂಡು ಸುಮ್ಮನೆ ನಿಂತಿದ್ದ.

"ಹೊಗೆ ನಿಂತು ಮೂರು ತಿಂಗಳಾಯ್ತು ಮಾಮ," ಎಂದ. "ಬಟ್ಟೆ ಎಲ್ಲ ಘಮಘಮ ಅಂತಿದೆ. ಏನು ಮಾಡ್ಲಿ ಅದನ್ನ? ಜಗಳ ಆಡೋಕೂ ಅವನೇ ಬೇಕಿತ್ತು."

ಮಾಮ ಅವನನ್ನು ಕಳಿಸಿಬಿಟ್ಟರು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮುಚ್ಚಳದ ಥರ್ಮಾಮೀಟರ್ ಕೂತಿತ್ತು. ಡ್ರಮ್ಮಿನ ಶಾಖ ತೋರಿಸುವ ಗುಂಡು ಮೀಟರ್ ಅದು. ಕಳ್ಳ ಅದನ್ನು ಬಿಚ್ಚಿ, ನಟ್ಟು ವಾಷರ್‌ಗಳನ್ನು ಕಳೆದುಹೋಗದಂತೆ ಮತ್ತೆ ಅದಕ್ಕೇ ತಿರುಗಿಸಿ ಇಟ್ಟುಹೋಗಿದ್ದ. ಮಾಮ ಅದನ್ನು ಬಹಳ ಹೊತ್ತು ನೋಡಿದರು.

ಆಮೇಲೆ ಹಿಂದಿನ ಜಗಲಿಯ ಮಂಚದ ಕಡೆ ತಿರುಗಿದರು. ಅಲ್ಲಿ ಗೆಳೆಯನ ಅಮ್ಮ ಬಟಾಣಿ ಸುಲಿಯುತ್ತಾ ಕೂತಿದ್ದಳು. ಹನ್ನೆರಡು ವರ್ಷದಿಂದ ಆಕೆಗೆ ಕಣ್ಣು ಕಾಣುವುದಿಲ್ಲ. ನಿಜ ಹೇಳಿಬಿಡುತ್ತೇನೆ: ಆ ಮುದುಕಿಯ ಮೇಲೆ ನನಗೆ ಕೋಪವಿತ್ತು. ಮಗನ ಹೆಣ ಮನೆಗೆ ಬಂದ ದಿನ ಒಂದು ಹನಿ ಕಣ್ಣೀರು ಹಾಕಲಿಲ್ಲ. ಬಂದವರೆಲ್ಲ ಅಳುತ್ತಿದ್ದರೆ, ಅವರಿಗೆ ಕುಡಿಯಲು ನೀರು ಕೊಡಿ ಅಂದಳು. ಕಲ್ಲೆದೆ ಅಂತ ಅವತ್ತೇ ಲೆಕ್ಕದಿಂದ ಬಿಟ್ಟಿದ್ದೆ.

"ಅಮ್ಮಾ, ಬೆಳಗ್ಗೆ ಇವನು ಬರೋಕೆ ಮುಂಚೆ ಯಾರಾದ್ರೂ ಬಂದ ಸದ್ದಾಯ್ತಾ?"

"ಇಲ್ಲ. ಯಾರೂ ಬರಲಿಲ್ಲ."

"ಗೇಟು?"

"ಸೊಸೆ ಹೋದಳು, ಬಂದಳು. ಅಷ್ಟೇ."

ಆ ಗೇಟು ತೆಗೆದರೆ ಬೀದಿಗೆಲ್ಲ ಕೇಳಿಸುವಂತೆ ಕಿರುಚುತ್ತದೆ. ಮಾಮ ತಲೆಯಾಡಿಸಿ ಮತ್ತೆ ಹಿತ್ತಿಲಿಗೆ ಬಂದರು. ಗಂಟೆ ಒಂಬತ್ತಾಯಿತು. ನಾನು ತಾಳ್ಮೆಗೆಟ್ಟು, ಅಲ್ಲಿ ಕಟ್ಟಿದ್ದ ಹಗ್ಗಕ್ಕೆ ಒರಗಿದೆ. ಜಗಲಿಯಿಂದ ಡ್ರಮ್ಮಿನ ಪಕ್ಕದಲ್ಲಿ ಹಾದು ಬಚ್ಚಲಮನೆಯವರೆಗೆ ಹೋಗುವ ಹಗ್ಗ ಅದು. ಮಾಮ ನನ್ನ ಅಂಗಿಯ ತೋಳು ಹಿಡಿದುಕೊಂಡರು.

"ಈ ಮಸಿ ಎಲ್ಲಿಂದ ಬಂತು?"

ತೋಳಿನ ಮೇಲೆ ಕಪ್ಪು ಗುರುತು. ಇದು ಮೀನು ಸುಡುವ ಮನೆ, ಮಸಿಯಿಲ್ಲದೆ ಮಲ್ಲಿಗೆ ಅಂಟುತ್ತದೆಯೇ ಎಂದೆ.

"ಹಗ್ಗ ಕಟ್ಟಿದ್ದು ಯಾವಾಗ?"

"ಐದು ದಿನ ಆಯ್ತು. ಹಳೇದು ತುಂಡಾಗಿತ್ತು, ನಾನೇ ಹೊಸದು ಕಟ್ಟಿದೆ."

"ಐದು ದಿನದಲ್ಲಿ ಇಲ್ಲಿ ಬೆಂಕಿ ಹಾಕಿದ್ರಾ?"

"ಇಲ್ಲ."

"ನಿನ್ನೆ ಮುಚ್ಚಳದ ವಿಷಯ ಎಲ್ಲಿ ನಿಂತು ಮಾತಾಡಿದೆ?"

"ಜಗಲಿಯಲ್ಲಿ. ಟೀ ಕುಡೀತಾ."

"ಏನಂದೆ? ಅದೇ ಮಾತು ಹೇಳು."

"ಅವನು ಒತ್ತಿದ ಪೇಸ್ಟೆಲ್ಲ ಹಾಳಾಗಿದೆ, ನಾಳೆ ಒಂದು ಚೂರೂ ಬಿಡದೆ ಕೆರೆದು ತೆಗೀತೀನಿ ಅಂದೆ. ತಂಗಿ ಸರಿ ಅಂದಳು. ಇನ್ಯಾರಿದ್ದರು ಅಲ್ಲಿ?"

ಕೇಳಿದ ಮೇಲೆ ನನಗೇ ಉತ್ತರ ಹೊಳೆಯಿತು. ಹೊಳೆದದ್ದು ಬೇಡವಾಗಿತ್ತು.

ಮಾಮ ದನಿ ತಗ್ಗಿಸಿ, ನನಗೂ ತಂಗಿಗೂ ಬಿಡಿಸಿ ಹೇಳಿದರು. ಹಗ್ಗದಲ್ಲಿ ಬಚ್ಚಲಿನ ಕಡೆ ಒಂದು ಚುಕ್ಕೆ ಮಸಿಯಿಲ್ಲ. ಡ್ರಮ್ಮಿನಿಂದ ಜಗಲಿಯವರೆಗೆ ಮಾತ್ರ ಇದೆ, ಮೊಳಕ್ಕೊಂದು ಹಿಡಿಯಂತೆ. ಅಂದರೆ ಹಿಡಿದವರು ಜಗಲಿಯಿಂದ ಬರುವಾಗ ಕೈ ಶುದ್ಧವಾಗಿತ್ತು. ಮುಚ್ಚಳ ಮುಟ್ಟಿ ವಾಪಸ್ಸು ಹೋಗುವಾಗ ಮಸಿಯಾಗಿತ್ತು.

"ಕಣ್ಣಿರೋ ಕಳ್ಳ ಹಗ್ಗ ಹಿಡ್ಕೊಂಡು ನಡೀತಾನಾ?" ಎಂದರು. "ಮೀಟರ್ ನೋಡಿ. ಮನೆಯವರಿಗೆ ಉಪಯೋಗಕ್ಕೆ ಬರಲಿ ಅಂತ ಬಿಚ್ಚಿಟ್ಟು ಹೋಗೋ ಕಳ್ಳ ಯಾರು? ಮುಚ್ಚಳ ಈ ಮನೆ ದಾಟಿಲ್ಲ. ಯಾರೂ ಬರಲಿಲ್ಲ ಅಂತ ಆಕೆ ನಿಜಾನೇ ಹೇಳಿದ್ದು."

ತಂಗಿ ಜಗಲಿಗೆ ಓಡಿದಳು. ಮಂಚದ ಕೆಳಗೆ, ಹಳೆಯ ಕಂಬಳಿಯಲ್ಲಿ ಕೂಸಿನ ಹಾಗೆ ಸುತ್ತಿ ಮುಚ್ಚಳ ಇಟ್ಟಿತ್ತು.

"ಅತ್ತೆ, ಇದೇನು ಮಾಡಿದ್ರಿ? ಮೀನು ಕೆಡುತ್ತೆ ಅಂತ ನಿಮಗೆ ಗೊತ್ತಿರಲಿಲ್ವಾ?"

ಮುದುಕಿ ಬಟಾಣಿಯ ಮೊರವನ್ನು ಪಕ್ಕಕ್ಕಿಟ್ಟಳು. ಕಂಬಳಿ ಸರಿಸಿ, ಮುಚ್ಚಳವನ್ನು ಮಡಿಲಿಗೆ ಎಳೆದುಕೊಂಡಳು. ಅಂಚಿನ ಗುಂಟ ಅವಳ ಬೆರಳು ಹೋಯಿತು. ಅಲ್ಲಿ ಸಾಲಾಗಿ ಹೆಬ್ಬೆರಳು ಒತ್ತಿದ ಗುಳಿಗಳು. ಎಷ್ಟು ಸಲ ಆ ಮುಚ್ಚಳ ಎತ್ತಿದ್ದೇನೆ! ನಾನು ಬಿರುಕು ನೋಡಿದ್ದೆ, ಇವನ್ನು ನೋಡಿರಲಿಲ್ಲ. ಒಂದೊಂದು ಗುಳಿಯಲ್ಲೂ ಒಂದು ಓರೆ ಗೆರೆ.

"ಎಂಟು ವರ್ಷದವನಿದ್ದಾಗ ತಗಡು ಕೊಯ್ದಿತ್ತು ಅವನ ಹೆಬ್ಬೆರಳನ್ನ," ಎಂದು ಸೊಸೆಗೆ ಹೇಳಿದಳು. "ಬಟ್ಟೆ ಕಟ್ಟಿದವಳು ನಾನೇ. ಆ ಗಾಯದ ಗೆರೆ ಇದು. ಗೋಡೆ ಮೇಲೆ ಅವನ ಫೋಟೋ ಹಾಕಿದ್ದೀರಿ. ಬಂದವರೆಲ್ಲ ಚೆನ್ನಾಗಿದೆ ಅಂತಾರೆ. ನನಗೆ ಅದು ಬರೀ ಗಾಜು, ಮಗಾ. ನೀನು ಮನೇಲಿ ಇಲ್ಲದಾಗ ದಿನಾ ಡ್ರಮ್ಮಿನ ಹತ್ತಿರ ಹೋಗಿ ಇದನ್ನ ಮುಟ್ಟಿ ಬರ್ತಿದ್ದೆ."

ತಂಗಿ ಬಾಯಿಗೆ ಸೆರಗು ಒತ್ತಿಕೊಂಡಳು. ಮೀನು ಹಾಳಾಗಿ ಹೋಗಲಿ ಅತ್ತೆ, ಜಾಗ ಹೋದರೆ ಹೋಗಲಿ ಎಂದಳು. ನಾನೂ ದನಿಗೂಡಿಸಿದೆ. ಮೂರು ದಿನ ಕೊಟ್ಟರೆ ಇದನ್ನು ಮುಟ್ಟದೆ ಬೇರೆ ಮುಚ್ಚಳ ಹೊಂದಿಸಿ ಕೊಡುತ್ತೇನೆ, ಯಜಮಾನನ ಕಾಲಿಗೆ ಬೇಕಾದರೂ ಬೀಳುತ್ತೇನೆ ಎಂದೆ.

"ಮೀನು ಮೂರು ದಿನ ಕಾಯುತ್ತಾ?" ಎಂದು ಕೇಳಿದಳು ಮುದುಕಿ. "ಅವಳಿಗೆ ಇನ್ನೂ ಮೂವತ್ತೆರಡು. ಅವಳು ಬದುಕಬೇಕು. ಬೆಳಗ್ಗೆ ನನಗೆ ಬುದ್ಧಿ ಎಲ್ಲಿಗೆ ಹೋಗಿತ್ತೋ ಏನೋ. ತಗೋ, ಕೆರಿ."

ನಾನು ಕೂತೆ. ಮುಚ್ಚಳ ತೆಗೆದುಕೊಳ್ಳಲು ಕೈ ಚಾಚಿದೆ. ವಿಮೆ ಮಾಮ ಗೋಡೆಯ ಕಡೆ ತಿರುಗಿ ನಿಂತುಬಿಟ್ಟರು.

"ಮುಚ್ಚಳ ನನ್ನ ಮಡಿಲಲ್ಲೇ ಇರಲಿ," ಎಂದಳು. "ನೀನು ಕೆರೀತಾ ಬಾ."

ಮೊದಲ ಗುಳಿಗೆ ಉಳಿ ಇಟ್ಟೆ. ಅವಳು ಬೆರಳನ್ನು ಎರಡನೆಯದಕ್ಕೆ ಸರಿಸಿದಳು. ಅದಕ್ಕೆ ಬಂದಾಗ ಮೂರನೆಯದಕ್ಕೆ. ಹೀಗೇ ನಾನು ಹಿಂದೆ, ಅವಳು ಮುಂದೆ. ಒಂದೊಂದರಲ್ಲೂ ಹೆಬ್ಬೆರಳಿಟ್ಟು, ನನ್ನ ಉಳಿ ತಾಗುವವರೆಗೆ ಬಿಡುತ್ತಿರಲಿಲ್ಲ. ಕಪ್ಪು ಪುಡಿ ಅವಳ ಸೀರೆಯ ಮೇಲೆ ಬೀಳುತ್ತಿತ್ತು. ಆಗ ಅವಳ ಕಣ್ಣಿನಿಂದ ನೀರು ಹರಿಯಿತು, ಮೂರು ತಿಂಗಳಲ್ಲಿ ಮೊದಲ ಸಲ. ಸದ್ದೇ ಇರಲಿಲ್ಲ. ನಾನು ಮಾತ್ರ ಎಮ್ಮೆ ಕೂಗಿದ ಹಾಗೆ ಅಳುತ್ತಿದ್ದೆ, ನಾಚಿಕೆಯಿಲ್ಲದೆ.

ಸುತ್ತು ಮುಗಿಯಿತು. ಕೊನೆಯ ಗುಳಿಯಿಂದ ಅವಳ ಬೆರಳು ಮುಂದಕ್ಕೆ ಸರಿಯಿತು. ಅಲ್ಲಿ ಬರೀ ತಗಡು. ಇನ್ನೂ ಸ್ವಲ್ಪ ಮುಂದೆ ಹುಡುಕಿತು. ಅಲ್ಲೂ ತಗಡು.

ಅವಳು ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

"ಬೇಗ ಹೊಸದು ಮೆತ್ತು," ಎಂದಳು. "ಹೊತ್ತಾಯ್ತು."