ಕಂಬಳಿಯಲ್ಲಿ ಸುತ್ತಿಟ್ಟ ಬಾಟಲಿ

"ಬರ್ಫದಾಗ ಇಟ್ಟಿದ್ದ ಬಾಟಲಿ ಎಲ್ಲೈತಿ?"

ಅಮೋಘಿಯ ದನಿಗೆ ಮಲಕವ್ವ ಬೆಚ್ಚಿಬಿದ್ದಳು.

ಐವತ್ತೇಳರ ಮಳೆಗಾಲ. ನಿಡೋಣಿಯ ಮನೆಮನೆಯಲ್ಲೂ ಫ್ಲೂ ಜ್ವರ. ಪುಣೆಯಲ್ಲಿ ವೈರಾಣುಗಳ ಅಭ್ಯಾಸ ಮಾಡುತ್ತಿದ್ದ ಜೈನಾಪುರದ ಹುಡುಗ ಅಮೋಘಿ, ಬೆಳಿಗ್ಗೆ ಜ್ವರದಲ್ಲಿ ಮಲಗಿದ್ದ ಅವಳ ಅಪ್ಪ ಧೂಳಪ್ಪ ಗಂಟಲು ಮುಕ್ಕಳಿಸಿದ ನೀರನ್ನು ಬಾಟಲಿಗೆ ತುಂಬಿ, ಬರ್ಫದ, ಅಂದರೆ ಮಂಜುಗಡ್ಡೆಯ, ಚೂರು ಹಾಕಿದ ಥರ್ಮಾಸಿನಲ್ಲಿಟ್ಟು ಪಕ್ಕದ ಓಣಿಗೆ ಹೋಗಿದ್ದ. ಹೋಗುವಾಗ ಅವಳತ್ತ ನೋಡಿ ನಕ್ಕಿದ್ದ ಬೇರೆ!

ಮಲಕವ್ವ ಮೂಲೆಯಿಂದ ಗಂಟು ತಂದಳು. ಅಪ್ಪನ ಕರಿ ಕಂಬಳಿಯೊಳಗೆ ಬಾಟಲಿ ಬೆಚ್ಚಗಿತ್ತು.

"ಜ್ವರ ಬಂದಾವರದು ಏನೂ ಥಂಡ್ಯಾಗ ಇಡಬಾರದಂತ ನಮ್ಮವ್ವ ಹೇಳ್ತಿದ್ಳರಿ... ಅದಕ್ಕ..."

"ಎಲ್ಲಾ ಹಾಳ ಮಾಡಿದಿ!"

ಅಷ್ಟೇ ಹೇಳಿ ಅವನು ನಡೆದುಬಿಟ್ಟ. ಆ ವಾರವೇ ಧೂಳಪ್ಪ ಕಣ್ಣು ಮುಚ್ಚಿದ.

ಅಯ್ಯೋ, ಆ ಒಂದು ಮಾತು! 'ಬಾಟಲಿ ತಣ್ಣಗಿದ್ದಿದ್ದರೆ ಔಷಧ ಸಿಗುತ್ತಿತ್ತು... ಅಪ್ಪನನ್ನು ಕೊಂದವಳು ನಾನೇ...'

ಅಪ್ಪನನ್ನು ಮಣ್ಣು ಮಾಡುವ ದಿನ ಬಂದ ಅಮೋಘಿಯ ಮುಖವನ್ನೂ ಅವಳು ನೋಡಲಿಲ್ಲ. ಆಮೇಲೆ ಬಂದ ವರಗಳನ್ನೆಲ್ಲ ಬೇಡವೆಂದು, ಅಣ್ಣನ ಕುರಿ ಕಾಯುತ್ತ ಉಳಿದಳು.

ಐದು ವರ್ಷ ಕಳೆದ ಮೇಲೊಂದು ಚಳಿಗಾಲ, ಊರಿನಲ್ಲಿ ಮತ್ತೆ ಕೆಮ್ಮು. ಮತ್ತೆ ಅದೇ ಥರ್ಮಾಸು ಹಿಡಿದು ಅಮೋಘಿ ಹೊಸ್ತಿಲಲ್ಲಿ ನಿಂತಿದ್ದ.

"ಇನ್ನೂ ನನ್ನ ಮ್ಯಾಲೆ ಸಿಟ್ಟೈತೇನು?"

"ನಿಮ್ಮ ಮ್ಯಾಲೆ ಯಾಕ್ರಿ ಸಿಟ್ಟು? ಅಪ್ಪನ್ನ ಕೊಂದಾಕಿ ನಾನು. ಬಾಟಲಿ ಹಾಳ ಮಾಡಿದಾಕಿ ನಾನು..."

ಅವನ ಮುಖ ಬಿಳಿಚಿಕೊಂಡಿತು.

"ಮಲಕವ್ವ! ಆ ಬಾಟಲಿ, ಅದು ಯಾವ ಜ್ವರ ಅಂತ ತಿಳಕೊಳ್ಳಾಕಷ್ಟ ಬೇಕಿತ್ತು. ಬೆಚ್ಚಗಾದ್ರ ವೈರಾಣು ಸಾಯ್ತಾವ, ಗುರುತು ಸಿಗೂದಿಲ್ಲ. ನಾ ಬೈದಿದ್ದು ಅದಕ್ಕ! ಧೂಳಪ್ಪ ಕಾಕಾನ್ನ ಉಳಿಸೂ ಔಷಧ ಆಗ ಯಾರ ಕಡೇನೂ ಇರಲಿಲ್ಲ... ನನ್ನ ಕಡೇನೂ."

ಮಲಕವ್ವ ಅಲ್ಲೇ ಕುಸಿದು ಬಿಕ್ಕಿಬಿಕ್ಕಿ ಅತ್ತಳು. ಇಷ್ಟು ವರ್ಷ ತಪ್ಪಿತಸ್ಥಳಾಗಿ ಅತ್ತಿದ್ದಳು. ಮಗಳಾಗಿ ಅತ್ತದ್ದು ಇದೇ ಮೊದಲು.

"ಮೊದಲ ಯಾಕ ಹೇಳಲಿಲ್ಲ ನೀವು?"

"ಮಣ್ಣಿನ ದಿನ ನೀ ಮಾರಿ ತಿರುವಿದಿ. ನನ್ನ ಕಂಡ್ರ ಆಗೂದಿಲ್ಲಂತ ತಿಳದೆ... ಆದ್ರೂ ಬ್ಯಾರೆ ಯಾರನ್ನೂ ಮದುವಿ ಆಗಾಕ ಮನಸ ಬರಲಿಲ್ಲ."

ಸಂಜೆ ಅವನು ಹೊರಟಾಗ, ಊರಲ್ಲಿ ಕೂಡಿಸಿದ ಬಾಟಲಿಗಳನ್ನು ಮಲಕವ್ವ ತಾನೇ ಬರ್ಫದೊಳಗೆ ಹುಗಿದು ಮುಚ್ಚಳ ಬಿಗಿದಳು. ಆಮೇಲೆ ಅಪ್ಪನ ಕಂಬಳಿ ತಂದು ಅವನ ಹೆಗಲಿಗೆ ಹೊದಿಸಿದಳು.

"ಥಂಡಿ ಬಾಟಲಿಗಿ ಇರ್ಲಿ. ನಿಮಗ ಬ್ಯಾಡ."

ಅವನ ಕಣ್ಣು ತುಂಬಿ ಬಂತು.

"ಇದನ್ನ ತಿರುಗಿ ಕೊಡಾಕ ಮತ್ತ ಬರ್ತೇನಿ."

"ಕೊಡಾಕ ಬ್ಯಾಡ್ರಿ..." ಮಲಕವ್ವ ತಲೆ ತಗ್ಗಿಸಿದಳು. "ಕರಕೊಂಡ ಹೋಗಾಕ ಬರ್ರಿ."