ಚೌಡಯ್ಯ ನುಂಗದ ಮಾತ್ರೆ

"ಈ ರಕ್ತಾನ ಐಸಲ್ಲಿಟ್ಟು ತಂದ್ರಾ, ಬಸ್ಸಿನ ಟಾಪ್ ಮೇಲೆ ಕಟ್ಟಿ ತಂದ್ರಾ?"

ಮಂಡ್ಯದ ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್ ಗೋದಾ ಹಾಗೆ ಕೇಳಿದಾಗ ಬೆಳಕವಾಡಿಯ ಮಲೇರಿಯಾ ಇನ್ಸ್‌ಪೆಕ್ಟರ್ ಚೌಡಯ್ಯ ಫ್ಲಾಸ್ಕಿನ ಮುಚ್ಚಳ ತೆಗೆದು, ಐಸಿನ ನಡುವೆ ಅಲುಗದೆ ನಿಂತಿದ್ದ ಆರು ಟ್ಯೂಬುಗಳನ್ನು ತೋರಿಸಿದ. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ.

ಗೋದಾಳ ಕಿವಿ ಕೆಂಪಾಯಿತು. "ಸಾರಿ," ಎಂದಳು.

"ಇರ್ಲಿ ಬುಡಿ ಮೇಡಂ. ಎರಡು ತಿಂಗಳ ಹಿಂದೆ ಮಲೇರಿಯಾ ಮಾತ್ರೆ ನುಂಗಿ ನಮ್ಮ ನಿಂಗಯ್ಯಂಗೆ ಉಚ್ಚೆ ಕಪ್ಪಾಯ್ತು, ಕಣ್ಣು ಅಳದಿ ಆಯ್ತು. ಎಂಗೋ ಬದುಕ್ಕಂಡ, ಇದ್ರಲ್ಲಿ ಅವನ ರಕ್ತಾನೂ ಐತೆ. ಈಗ ಊರೋರೆಲ್ಲ ಮಾತ್ರೆನ ನಾಲೆಗೆ ಎಸೀತಾವ್ರೆ. ಮಕ್ಕಳು ಜ್ವರದಲ್ಲಿ ಮಲಗವೆ."

ಅದು ೧೯೭೬. ನಿಂಗಯ್ಯನಿಗಾದದ್ದು ಜ್ವರದ್ದೇ ಕಾಟ ಎಂದು ದೊಡ್ಡ ಡಾಕ್ಟರು ಕೈತೊಳೆದುಕೊಂಡಿದ್ದರು. ಗೋದಾ ಒಪ್ಪಲಿಲ್ಲ. ಕೆಲವರ ರಕ್ತಕಣದಲ್ಲಿ ಒಂದು ಎನ್‌ಜೈಮ್ ಹುಟ್ಟಿನಿಂದಲೇ ಬೇರೆ ಬಗೆಯದು, ದುರ್ಬಲವಾದದ್ದು. ಅಂಥವರಿಗೆ ಆ ಮಾತ್ರೆ ಕೊಟ್ಟರೆ ಕಣಗಳು ಒಡೆಯುತ್ತವೆ ಎಂದು ಅವಳು ಓದಿದ್ದಳು. ಪರೀಕ್ಷೆಯ ಔಷಧಿಗಳು ಬೀರುವಿನಲ್ಲೇ ಇದ್ದವು. ಬೆರೆಸಿದರೆ ರಕ್ತ ಕಂದಾಗುತ್ತದೆ; ಮೂರು ಗಂಟೆ ಬೆಚ್ಚಗಿಟ್ಟರೆ ಸರಿಯಾದದ್ದು ಮತ್ತೆ ಕೆಂಪಾಗುತ್ತದೆ, ದುರ್ಬಲವಾದದ್ದು ಕಂದಾಗಿಯೇ ಉಳಿಯುತ್ತದೆ.

ಹೋಲಿಸಿ ನೋಡಲು ತನ್ನ ರಕ್ತವನ್ನೂ ಸೇರಿಸಿದಳು. ಚೌಡಯ್ಯ ಅಂಗಿಯ ತೋಳು ಮಡಿಚಿದ. "ನಂದೂ ತಕ್ಕಳಿ."

ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಳು. "ನೋವಾಯ್ತಾ?"

"ಇಲ್ಲ. ನೀವು ಕೈ ಬುಟ್ರೆ ಆಗ್ಬೋದು."

ಅವಳು ನಗು ತಡೆದುಕೊಂಡಳು. ಕೈಯನ್ನು ಮಾತ್ರ ಬೇಗ ಬಿಡಲಿಲ್ಲ.

ಮೂರು ಗಂಟೆ ಅವನು ಕಾರಿಡಾರಿನ ಬೆಂಚಿನಲ್ಲಿ ಕೂತಿದ್ದ. ಕಿಟಕಿಯಲ್ಲಿ ಕಣ್ಣು ಸೇರಿದಾಗಲೆಲ್ಲ ಇಬ್ಬರೂ ಗೋಡೆ ನೋಡಿದರು.

ನಿಂಗಯ್ಯನ ಟ್ಯೂಬು ಕಂದಾಗಿತ್ತು. ಊರಿನ ಉಳಿದ ಐದೂ, ಗೋದಾಳದೂ ಕೆಂಪು. ಚೌಡಯ್ಯನದು ಕಂದು.

ಅವನ ಮುಖ ಬಿಳಿಚಿಕೊಂಡಿತು. "ನಾಡಿದ್ದು ಚಾವಡಿ ಮುಂದೆ ನಾನೇ ಮಾತ್ರೆ ನುಂಗಿ ತೋರಿಸ್ತೀನಿ ಅಂದಿದ್ದೆ."

"ನುಂಗಕೂಡದು!"

"ನುಂಗದಿದ್ರೆ ಎದರ್ಕಂಡ ಅಂತಾರೆ. ಆಮೇಲೆ ಯಾರೂ ಮುಟ್ಟಲ್ಲ."

"ನಾನು ಬಂದು ನುಂಗ್ತೀನಿ," ಎಂದಳು ಗೋದಾ.

ಬಂದಳು. ಬೆಳಕವಾಡಿಯ ಚಾವಡಿ ಮುಂದೆ ಮಾತ್ರೆ ನುಂಗಿ, ಕಂದು ಬಣ್ಣದ ಎರಡು ಟ್ಯೂಬು ಎತ್ತಿ ಹಿಡಿದಳು. "ನಿಂಗಯ್ಯ, ಚೌಡಯ್ಯ, ಇವರಿಬ್ಬರಿಗೆ ಈ ಮಾತ್ರೆ ವಿಷ. ರಕ್ತ ಕೆಂಪಾದವರಿಗೆ ಔಷಧಿ. ನಿಮ್ಮದು ಯಾವುದು ಅಂತ ನೋಡಿ ಹೇಳ್ತೀನಿ. ಅಲ್ಲಿವರೆಗೆ ಯಾರೂ ನುಂಗಬೇಡಿ."

ಜನ ಅಲುಗಲಿಲ್ಲ. ಹೊಂಬಾಳಮ್ಮ ಜ್ವರದ ಮಗಳನ್ನು ಸೊಂಟದಲ್ಲಿಟ್ಟುಕೊಂಡು ಮುಂದೆ ಬಂದಳು. "ಮಂಡ್ಯದಿಂದ ಬಂದು ನುಂಗವ್ಳೆ, ನಮಗೇನ್ಲಾ ದಾಡಿ? ತಕ್ಕೊ ಕಣವ್ವ, ನನ್ನ ಕೂಸಿನ ರಕ್ತವ."

ಸಂಜೆಯ ಹೊತ್ತಿಗೆ ನಲವತ್ತು ಟ್ಯೂಬು ತುಂಬಿದವು.

ಬಸ್ ಸ್ಟ್ಯಾಂಡಿನಲ್ಲಿ ಫ್ಲಾಸ್ಕುಗಳನ್ನು ಅವಳಿಗೆ ಕೊಡುತ್ತ ಚೌಡಯ್ಯ ಮೆಲ್ಲಗೆ ಹೇಳಿದ, "ಒಂದು ಮಾತು ಕೇಳ್ಬೇಕು ಅಂತಿದ್ದೆ. ಆದ್ರೆ ನಾನು ರಕ್ತದಲ್ಲೇ ದೋಸ ಇರೋನು. ಯಾವ ಕೇರಿಯವ್ನು ಅಂತಲೂ ಇವತ್ತು ನೋಡಿದ್ರಿ."

"ಎರಡೂ ಗೊತ್ತು. ನೀವು ಕೇಳಲ್ಲ ಅಂದ್ರೆ ನಾನೇ ಕೇಳ್ತೀನಿ. ನನ್ನ ಮದುವೆ ಆಗ್ತೀರಾ?"

ಅವನ ಕಣ್ಣು ತುಂಬಿತು. "ನಿಮ್ಮಪ್ಪ ದೇವಸ್ಥಾನದ ಅರ್ಚಕರು ಅಂದ್ರಲ್ಲ. ನನ್ನ ಒಳಕ್ಕೆ ಬುಟ್ಕತಾರಾ?"

"ಬಿಡದಿದ್ರೆ ನಾನು ಹೊರಗೆ ಬರ್ತೀನಿ."

ಬಸ್ಸು ಬಂತು. ಗೋದಾ ಹತ್ತಿ, ಪಕ್ಕದ ಸೀಟನ್ನು ಅವನಿಗೆ ಬಿಟ್ಟು ಕೂತಳು. ಚೌಡಯ್ಯನೂ ಹತ್ತಿದ.