ವಿಭೂತಿ ಇಲ್ಲದ ಮೂರು ಚೀಟಿ

೧೯೮೨ರ ಫೆಬ್ರವರಿ ೮, ಸೋಮವಾರ, ಬೆಳಗ್ಗೆ ಹತ್ತೂವರೆ. ತಮಿಳುನಾಡಿನ ಗಡಿಯಲ್ಲಿರುವ ತಾಳವಾಡಿ ಠಾಣೆಗೆ ಬಂದ ಶಕುಂತಲಮ್ಮ ಕುರ್ಚಿ ತೋರಿಸಿದರೂ ಕೂರಲಿಲ್ಲ. ಹನ್ನೊಂದು ವರ್ಷ ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದು, ಹಿಂದಿನ ವಾರವಷ್ಟೇ ಕೆಲಸ ಬಿಟ್ಟು ಊರಿಗೆ ಮರಳಿದ್ದರು.

"ಬ್ಯಾಂಕಲ್ಲಿದ್ದ ನನ್ನ ಮೂವತ್ತೆರಡು ಸಾವ್ರ ಇಲ್ಲ ಸಾ. ಪಣಕಳ್ಳಿ ಮನೆ ಮಾರಿದ ದುಡ್ಡು."

ಇನ್‌ಸ್ಪೆಕ್ಟರ್ ಚನ್ನಯ್ಯ ಪೆನ್ನು ತೆಗೆದರು. "ಯಾವಾಗ ಮಾರಿದ್ದು?"

"ಎಪ್ಪತ್ತೊಂಬತ್ತು ಮೇ ತಿಂಗ್ಳು. ರಜಕ್ಕೆ ಬಂದಿದ್ದಾಗ."

"ಉಳಿತಾಯ ಖಾತೇಲಿ ಯಾಕೆ ಇಟ್ರಿ? ಅಲ್ಲಿ ಬಡ್ಡಿ ಏನು ಬರುತ್ತೆ?"

"ಎಲ್ರೂ ಅದ್ನೇ ಅಂದು ನಕ್ಕ್ರು. ಕೈಬಡ್ಡಿಗೆ ಬುಡು ಅಂದ್ರು. ದೂರ ಇರೋಳು ಸಾ ನಾನು. ಬಡ್ಡಿ ಕಮ್ಮಿ ಆದ್ರೂ ಆಗ್ಲಿ, ಮುಳುಗಬಾರ್ದು, ಬೇಕು ಅಂದ ದಿನ ಕೈಗೆ ಸಿಗ್ಬೇಕು ಅಂತ ಅನಿವಾಸಿ ಖಾತೆ ಮಾಡ್ಸಿ ಇಟ್ಟೆ. ಮಿಕ್ಕ ದುಡಿಮೆಯೆಲ್ಲ ಅವ್ವನ ಕಾಯ್ಲೆಗೆ, ಆ ಮನೆ ಕಟ್ಟಾಕೆ ಓಯ್ತು. ಇಪ್ಪತ್ತನೇ ತಾರೀಕು ಬಸ್ ಸ್ಟ್ಯಾಂಡ್ ಪಕ್ಕದ ಎರಡು ರೂಮು ಬರೆಸ್ಕೋಬೇಕು, ಎರಿಗೆ ಆಸ್ಪತ್ರೆ ಮಾಡಾಕೆ. ಈಗ ಯಾವ ಮುಖ ಇಟ್ಕಂಡು ಓಗ್ಲಿ?"

ತಮಿಳಿನಲ್ಲಿ ಬರೆದ ಎಫ್‌ಐಆರ್ ಅನ್ನು ಕಾನ್‌ಸ್ಟೇಬಲ್ ಬಿಳಿಗಿರಿ ಕನ್ನಡದಲ್ಲಿ ಓದಿ ಹೇಳಿದ. ಶಕುಂತಲಮ್ಮ ಸಹಿ ಹಾಕಿದರು. ದುಂಡಗಿನ ಕನ್ನಡ ಸಹಿ.

ಮಧ್ಯಾಹ್ನ ಹನ್ನೆರಡಕ್ಕೆ ಶಕುಂತಲಮ್ಮನೊಂದಿಗೆ ಬ್ಯಾಂಕು. ಮ್ಯಾನೇಜರು ಮೂರು ಹಳೇ ಚೀಟಿ ತಂದಿಟ್ಟರು. ಹಿಂದಿನ ವರ್ಷದ ಆಗಸ್ಟ್, ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅವುಗಳ ಮೇಲೆ ಹಣ ತೆಗೆಯಲಾಗಿತ್ತು. "ನನ್ನ ಸಹಿ ಇರುವ ಚೀಟಿ ತಂದವರಿಗೆ ಕೊಡಿ ಎಂದು ಖಾತೆದಾರರೇ ಪತ್ರ ಕೊಟ್ಟಿದ್ದಾರೆ. ಸಹಿ ಸರಿಯಿದೆ."

ಚೀಟಿಯ ಹಿಂದೆ ಹಣ ಪಡೆದವರ ಹೆಬ್ಬೆಟ್ಟು, ಪಕ್ಕದಲ್ಲಿ ಗುಮಾಸ್ತ ಬರೆದ ಹೆಸರು: ಚೌಡಮ್ಮ. ಗುಮಾಸ್ತನಿಗೆ ನೆನಪಿದ್ದದ್ದು ತಲೆ ಮೇಲಿನ ಸೆರಗು ಮಾತ್ರ. ಸಂತೆ ದಿನ ಯಾರ ಮುಖ ಯಾರು ನೋಡುತ್ತಾರೆ!

ಚನ್ನಯ್ಯನವರನ್ನು ಕಾಡಿದ್ದು ಎರಡು ಸಂಗತಿ. ಕಳ್ಳರು ಸರಿಯಾಗಿ ಮನೆ ಮಾರಿದ ಮೊತ್ತ ತೆಗೆದು, ಎರಡು ವರ್ಷದ ಬಡ್ಡಿಯನ್ನು ಮುಟ್ಟದೆ ಬಿಟ್ಟಿದ್ದರು. ಮತ್ತೆ ಮೂರೂ ಚೀಟಿಗಳ ನೆತ್ತಿಯಲ್ಲಿ ಬೂದು ಬಣ್ಣದ ಮೂರು ಗೆರೆ ಇತ್ತು.

"ಏನಮ್ಮ ಇದು?"

"ಈಬೂತಿ ಸಾ. ದುಡ್ಡಿನ ಕಾಗ್ದಕ್ಕೆ ಈಬೂತಿ ಇಕ್ದೆ ದೇವ್ರ ಗೂಡಲ್ಲಿ ಇಡಬಾರ್ದು ಅಂತ ನಮ್ಮವ್ವ ಏಳ್ತಿದ್ಲು." ಶಕುಂತಲಮ್ಮ ಚೀಟಿಗಳನ್ನು ಹತ್ತಿರಕ್ಕೆ ಎಳೆದುಕೊಂಡರು. "ಆದ್ರೆ ಇವು ಇಲ್ಲಿರಾಕೆ ಆಗಲ್ಲ. ಕಾಗ್ದ ಬಂದು ಓಗೋಕೆ ತಿಂಗ್ಳು ಬೇಕು, ಕಷ್ಟಕ್ಕೆ ಇರ್ಲಿ ಅಂತ ಮೂರು ಖಾಲಿ ಚೀಟಿಗೆ ಸಹಿ ಆಕಿ, ಈಬೂತಿ ಇಕ್ಕಿ ತಿಗನಾರೆಲಿ ನಮ್ಮಕ್ಕನ ಮನೇಲಿ ಇಟ್ಟಿದ್ದೆ. ಮೊನ್ನೆ ಅಕ್ಕನೇ ಗಂಟು ಬಿಚ್ಚಿ ತೋರಿಸ್ತು. ಮೂರೂ ಅವೆ!"

"ಇದನ್ನ ಬೆಳಗ್ಗೆ ಯಾಕೆ ಹೇಳಲಿಲ್ಲ?"

"ಅಕ್ಕ ಸಾ ಅದು. ನನ್ನ ಎತ್ತಿ ಆಡ್ಸಿದವಳು. ಅವಳ ಎಸ್ರು ಠಾಣೇಲಿ ಯಾಕೆ ಏಳ್ಲಿ?"

ಮಧ್ಯಾಹ್ನ ಮೂರಕ್ಕೆ ಶಕುಂತಲಮ್ಮನನ್ನೂ ಕೂರಿಸಿಕೊಂಡ ಜೀಪು ತಿಗನಾರೆ ಮುಟ್ಟಿತು. ಅಕ್ಕ ಶಿವಮಲ್ಲಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದರು. ಪಂಚರ ಎದುರು ದೇವರ ಗೂಡಿನಿಂದ ಗಂಟು ಇಳಿಸಿದರು. ಮೂರು ಚೀಟಿ, ಮೂರಕ್ಕೂ ದುಂಡಗಿನ ಸಹಿ. ಬಿಳಿಗಿರಿ ಒಂದೊಂದನ್ನೇ ಬೆಳಕಿಗೆ ಹಿಡಿದ. ನೆತ್ತಿ ಖಾಲಿ. ಎಲ್ಲೂ ಗೆರೆಯಿಲ್ಲ.

"ನಿಮಗೆ ಓದು ಬರಹ ಬರುತ್ತಾ?" ಚನ್ನಯ್ಯ ಕೇಳಿದರು.

"ಇವಳಿಗೆ ಅಕ್ಷರ ಕಲ್ಸಿದ್ದೇ ನಾನು."

"ಬರೆಯೋಕೆ ಬರೋರು ಬ್ಯಾಂಕಲ್ಲಿ ಹೆಬ್ಬೆಟ್ಟು ಯಾಕೆ ಒತ್ತಿದ್ರಿ, ಚೌಡಮ್ಮ ಅಂತ ಯಾಕೆ ಹೇಳಿದ್ರಿ?"

ಶಿವಮಲ್ಲಮ್ಮ ಹಣೆಯ ಬೆವರು ಒರೆಸಿಕೊಂಡರು.

"ಅಸಲಿ ಚೀಟಿ ಬ್ಯಾಂಕಿಗೆ ಕೊಟ್ಟು, ಇವುಗಳ ಮೇಲೆ ತಂಗಿಯ ಸಹಿ ಅಷ್ಟು ಚೆನ್ನಾಗಿ ತಿದ್ದಿದ್ದೀರಿ. ವಿಭೂತಿ ಮರೆತುಬಿಟ್ರಾ?"

"ಮರೀಲಿಲ್ಲ ಸಾ. ಸುಳ್ಳು ಸಹಿ ಆಕ್ಬುಟ್ಟೆ. ಅದ್ಕೆ ಈಬೂತಿ ಇಕ್ಕಾಕೆ ಕೈ ಬರ್ಲಿಲ್ಲ."

"ಹಣ ಎಲ್ಲಿ?"

ಆಕೆ ಸೊಂಟದಿಂದ ಒಂದು ಬೀಗದ ಕೈ ತೆಗೆದು ಪಂಚರ ಮುಂದಿಟ್ಟರು. ನೋಡುತ್ತಲೇ ಶಕುಂತಲಮ್ಮನಿಗೆ ಗುರುತು ಸಿಕ್ಕಿತು. ಅದು ಪಣಕಹಳ್ಳಿ ಮನೆಯದು. ಅಂದು ಮನೆ ಕೊಂಡಿದ್ದ ರಂಗಸ್ವಾಮಿ, ನವೆಂಬರಿನಲ್ಲಿ ಅದೇ ಬೆಲೆಗೆ ಶಿವಮಲ್ಲಮ್ಮನಿಗೆ ಕ್ರಯ ಮಾಡಿಕೊಟ್ಟಿದ್ದ. ಪತ್ರವೂ ಗೂಡಿನಲ್ಲೇ ಸಿಕ್ಕಿತು. ಅದರ ನೆತ್ತಿಯಲ್ಲೂ ವಿಭೂತಿ ಇರಲಿಲ್ಲ.

"ಅಯ್ಯೋ ಅಕ್ಕಾ! ನನ್ನ ದುಡ್ಡಲ್ಲೇ ನನ್ನ ಮನೆ ತಗಂಡ್ಯಾ?" ಶಕುಂತಲಮ್ಮ ಗೋಡೆಗೆ ಒರಗಿದರು. "ಗಂಟು ಬಿಚ್ಚಿ ತೋರಿಸ್ದಲ್ಲಾ, ನನ್ನ ಕಣ್ಣಿಗೆ ಕಣ್ಣಿಟ್ಟು! ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

"ನೀನು ಮಾರೋವಾಗ ನನ್ನ ಒಂದು ಮಾತು ಕೇಳ್ದಾ?"

ಪಂಚರು ತಲೆ ತಗ್ಗಿಸಿದರು. ಶಿವಮಲ್ಲಮ್ಮ ಮಾತು ಮುಂದುವರಿಸಿದರು.

"ಸಾಯೋಗಂಟ ಐದು ವರ್ಷ ಅವ್ವ ಆ ನಡುಮನೇಲಿ ಮಲಗಿದ್ಲು. ಮಲ ಮೂತ್ರ ಬಾಚಿದ್ದು ನಾನು. ದುಡ್ಡು ನಿಂದು ಅಂತ ಮನೆ ನಿನ್ನೆಸ್ರಿಗೆ ಬರೆದ್ಲು, ಅದ್ಕೂ ನಾನು ಸುಮ್ಕಿದ್ದೆ. ಮಾರಿದ ಸುದ್ದಿ ನಂಗೆ ತಿಳಿದಿದ್ದು ರಂಗಸ್ವಾಮಿ ಸುಣ್ಣ ಬಳಿಸೋವಾಗ ಕಣವ್ವ."

ಸಂಜೆ ಐದು ಇಪ್ಪತ್ತಕ್ಕೆ ಶಿವಮಲ್ಲಮ್ಮನನ್ನು ದಸ್ತಗಿರಿ ಮಾಡಲಾಯಿತು. ಜಪ್ತಿ ಪಂಚನಾಮೆಯಲ್ಲಿ ಮೂರು ಚೀಟಿ, ಒಂದು ಕ್ರಯಪತ್ರ, ಒಂದು ಬೀಗದ ಕೈ. ಜೀಪು ಹತ್ತುವ ಮೊದಲು ಆಕೆ ತಂಗಿಯತ್ತ ತಿರುಗಿ, "ಅಸ ಸಂಜೆ ಕರೆಯೋದು, ಮರೀಬ್ಯಾಡ" ಅಂದರು.

ಪ್ರಕರಣದ ದಿನಚರಿಯಲ್ಲಿ ಉದ್ದೇಶದ ಜಾಗಕ್ಕೆ ಬಂದಾಗ ಚನ್ನಯ್ಯ 'ಹಣದಾಸೆ' ಎಂದು ಬರೆದು ಹೊಡೆದುಹಾಕಿದರು. 'ಬಡ್ಡಿ ಮುಟ್ಟಿಲ್ಲ. ಕೊಂಡ ಮನೆಯಲ್ಲಿ ಒಂದು ದಿನವೂ ವಾಸವಿಲ್ಲ. ಮನೆ ಮಾರುವಾಗ ತನ್ನನ್ನು ಕೇಳಲಿಲ್ಲವೆಂಬ ನೋವು' ಎಂದು ಬರೆದರು.

ಇಪ್ಪತ್ತನೇ ತಾರೀಕು ಆ ಎರಡು ರೂಮು ಬೇರೆಯವರ ಪಾಲಾಯಿತು. ಅಂದು ಸಂಜೆಯೂ ಶಕುಂತಲಮ್ಮ ತಿಗನಾರೆಯಲ್ಲಿ ಅಕ್ಕನ ಹಸು ಕರೆಯುತ್ತಿದ್ದರು.